ಮುನಿಸಿನ ಮಂಟಪ

ಬಸ್ಸು ಹೊರಡುವ ಮೊದಲು ಮೈಕಿಗೆ ಎರಡು ಸಲ ಊದಿ, "ಹಿಂದಿನ ಸೀಟಿಗೆ ಕೇಳಿಸ್ತಿದೆಯಾ?" ಎಂದು ಕೇಳುವುದು ಗೈಡ್ ಮೈಕಣ್ಣನ ರೂಢಿ. ಆ ಬೆಳಿಗ್ಗೆ ಊದಿದ್ದಷ್ಟೇ ಬಂತು, ಮಾತು ಬರಲಿಲ್ಲ. ಮುಂದಿನ ಸೀಟಿನಲ್ಲಿ, ಅವನ ಮೂಗಿನ ಕೆಳಗೇ, ಕಪ್ಪು ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಅವನ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಅವಳ ಅಕ್ಕ. ಇಬ್ಬರೂ ಊರು ನೋಡಲು ಬಂದವರ ಹಾಗೆ ಟಿಕೆಟ್ಟನ್ನು ಬೆರಳ ಸಂದಿಯಲ್ಲಿ ಹಿಡಿದುಕೊಂಡಿದ್ದರು.

ಹೆಂಡತಿ ಮನೆ ಬಿಟ್ಟು ಹೋಗಿ ಮೂರು ವಾರವಾಗಿತ್ತು. ಅಕ್ಕನ ಮನೆಯಲ್ಲಿದ್ದಳು. ಮೈಕಣ್ಣ ಫೋನು ಮಾಡಿದಾಗಲೆಲ್ಲ ಅಕ್ಕನೇ ಎತ್ತುತ್ತಿದ್ದಳು. "ಅವಳು ಸ್ನಾನಕ್ಕೆ ಹೋಗಿದಾಳೆ" ಅನ್ನುತ್ತಿದ್ದಳು. ಮೂರು ವಾರದಲ್ಲಿ ಅಷ್ಟು ಸಲ ಸ್ನಾನ ಮಾಡಿದರೆ ಮನುಷ್ಯರು ಕರಗಿಯೇ ಹೋಗಬೇಕು. "ಮನೆ ಹೇಗಿದೆ?" ಎಂದು ಅಕ್ಕ ಕೇಳುತ್ತಿದ್ದಳು. "ಫಳಫಳ ಅಂತಿದೆ ಅಕ್ಕಾ" ಎಂದು ಇವನು ಹೇಳುತ್ತಿದ್ದ. ಮೊನ್ನೆ ಮಾತ್ರ ಅಕ್ಕ ಸ್ನಾನದ ಮಾತು ಎತ್ತಲಿಲ್ಲ. "ಇಲ್ಲಿನ ಸ್ಕೂಲಲ್ಲಿ ಹೊಲಿಗೆ ಟೀಚರ್ ಬೇಕಂತೆ. ಇವಳನ್ನ ಕರೀತಿದ್ದಾರೆ. ಈ ವಾರದಲ್ಲಿ ಹೇಳಬೇಕು" ಎಂದಳು. ಅವಳು ಬರುವುದಿಲ್ಲ ಎಂಬ ಭಯ ಮೈಕಣ್ಣನಿಗೆ ಆಗ ನಿಜವಾಗಿ ಹತ್ತಿತ್ತು.

ಈಗ ನೋಡಿದರೆ ಬಂದು ಕೂತಿದ್ದಾಳೆ. ಮನೆಗಲ್ಲ, ಬಸ್ಸಿಗೆ.

"ರೀ, ಗೈಡ್ರೇ, ಹೊರಡೋಣವಾ? ಬಿಸಿಲೇರ್ತಾ ಇದೆ."

ಕೇಳಿದ್ದು ಹೆಂಡತಿ. ಗಂಡನನ್ನು ಕರೆಯುವುದೂ ರೀ, ಗುರುತಿಲ್ಲದವನನ್ನು ಕರೆಯುವುದೂ ರೀ. ಇಪ್ಪತ್ತು ವರ್ಷ ಆ ಮಾತಿಗೆ ಓಗೊಟ್ಟವನಿಗೆ ವ್ಯತ್ಯಾಸ ತಿಳಿಯದೆ ಇದ್ದೀತೆ? ಇದು ಅಂಗಡಿಯವನಿಗೆ, ಕಂಡಕ್ಟರಿಗೆ ಹೇಳುವ ರೀ. ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡಿ, ಹುಬ್ಬು ಹಾರಿಸಿ, ಗೇರು ಹಾಕಿದ. ಅವನ ಮುಖದಲ್ಲಿ ಪುಕ್ಕಟೆ ನಾಟಕ ನೋಡಲು ಸಿಕ್ಕವನ ಸಂತೋಷ ಎದ್ದು ಕಾಣುತ್ತಿತ್ತು.

ಜಗಳದ ಮೂಲ ಹೇಳದೆ ಮುಂದೆ ಹೋದರೆ ಬಸ್ಸಿನಲ್ಲಿದ್ದವರಷ್ಟೇ ನೀವೂ ಕತ್ತಲಲ್ಲಿರುತ್ತೀರಿ. ಆದ್ದರಿಂದ ಅದನ್ನು ಹೇಳಿಯೇ ಬಿಡುತ್ತೇನೆ.

ಮೈಕಣ್ಣನಿಗೆ ಈ ಕೆಲಸ ಕಲಿಸಿದ ಹಿರಿಯ ಗೈಡ್ ಒಬ್ಬನಿದ್ದ. ಅವನು ಕಲಿಸಿದ್ದು ಒಂದೇ ಪಾಠ: ಗೈಡ್ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತು ಬರಬಾರದು. ಆ ಮಾತು ಬಿದ್ದ ಕೂಡಲೇ ಬಂದವರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಇದು ಊರ ದೇವಸ್ಥಾನಗಳಿಗೆ, ಕೆರೆಗಳಿಗೆ ಸರಿಹೋಯಿತು. ಅವುಗಳ ಚರಿತ್ರೆ ಕಲ್ಲಿನ ಮೇಲೆಯೇ ಕೊರೆದಿತ್ತು. ದೊಡ್ಡ ಕೆರೆಯ ನಡುವೆ ಇದ್ದ ಆ ಒಂಟಿ ಮಂಟಪದ್ದೇ ತೊಂದರೆ. ನಾಲ್ಕು ಕಂಬ, ಒಂದು ಚಾವಣಿ, ಸುತ್ತ ನೀರು. ಯಾರು ಕಟ್ಟಿಸಿದರು, ಯಾಕೆ ಕಟ್ಟಿಸಿದರು ಎಂದು ಒಂದು ಅಕ್ಷರ ಸಿಕ್ಕಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ದಿನ ಕೆರೆಯ ದಂಡೆಯಲ್ಲಿ ನಿಂತ ಜನ ಸಾಲಾಗಿ ಆಕಳಿಸತೊಡಗಿದರು. ಮೈಕಣ್ಣ ಬೆವೆತುಹೋದ. ಹಿಂದಿನ ದಿನ ಮನೆಯಲ್ಲಿ ಹೆಂಡತಿಗೂ ಅವನಿಗೂ ಮುನಿಸಾಗಿತ್ತು. ಬಾಯಿಗೆ ಅದೇ ಬಂತು.

"ಇಲ್ಲೊಬ್ಬಳು ರಾಣಿ ಇದ್ದಳು. ಅವಳಿಗೆ ಸಿಟ್ಟು ಬಂದರೆ ಮಾತಾಡ್ತಿರಲಿಲ್ಲ. ತೊಳೆದಿಟ್ಟ ಚಿನ್ನದ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಮತ್ತೆ ತೊಳೆಯೋಕೆ ಶುರು ಮಾಡೋಳು. ಆ ಸದ್ದಿಗೆ ರಾಜನಿಗೆ ನಿದ್ದೆ ಬರದೆ, ಕೆರೆ ಮಧ್ಯೆ ಅವಳಿಗೊಂದು ಮಂಟಪ ಕಟ್ಟಿಸಿಕೊಟ್ಟ. ಮುನಿಸು ಬಂದಾಗ ಪಾತ್ರೆ ಸಮೇತ ದೋಣಿ ಹತ್ತು ಅಂತ."

ಆಕಳಿಸುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈಕಣ್ಣನಿಗೆ ರುಚಿ ಹತ್ತಿತು. ಅಂದಿನಿಂದ ಮನೆಯಲ್ಲಿ ಏನು ನಡೆದರೂ ಮಾರನೆಯ ದಿನ ಅದಕ್ಕೆ ಕಿರೀಟ ತೊಡಿಸಿ ಕೆರೆಯ ದಂಡೆಗೆ ತರುತ್ತಿದ್ದ. ಹೆಂಡತಿ ಜಗಲಿಯ ಮಲ್ಲಿಗೆ ಕುಂಡದ ಮುಂದೆ ನಿಂತು, ಗಂಡನ ಕಡೆ ತಿರುಗದೆ, ಗಂಡನಿಗೆ ಚೆನ್ನಾಗಿ ಕೇಳಿಸುವಂತೆ ಅವನ ತಪ್ಪುಗಳನ್ನು ಗಿಡಕ್ಕೆ ಹೇಳುತ್ತಿದ್ದಳು. ಅದು ರಾಣಿಯ ಉದ್ಯಾನವಾಯಿತು. ಮೈಕಣ್ಣನ ಅಕ್ಕ ಬಂದವಳು ಹೊರಡುವ ಸೂಚನೆಯೇ ತೋರದಿದ್ದಾಗ ಅಡುಗೆಗೆ ದಿನವೂ ಎರಡೆರಡು ಸಲ ಉಪ್ಪು ಬಿದ್ದು, ಆಮೇಲೆ ಅವಳು ಗಂಟುಮೂಟೆ ಕಟ್ಟಿದಳು. ಅದೂ ರಾಣಿಯ ತಲೆಗೆ ಹೋಯಿತು. ಕಥೆ ಬೆಳೆಯುತ್ತ ಬೆಳೆಯುತ್ತ ದೋಣಿಯವರೂ ಅದನ್ನೇ ಹೇಳತೊಡಗಿದರು, ಚಿತ್ರದ ಕಾರ್ಡಿನ ಮೇಲೂ ಮುನಿಸಿನ ಮಂಟಪ ಎಂದೇ ಅಚ್ಚಾಯಿತು. ಹೆಂಡತಿಗೆ ಮಾತ್ರ ಗೊತ್ತಿರಲಿಲ್ಲ. ದಿನಾ ಕಾಣುವ ಕೆರೆಯನ್ನು ಊರಿನವರು ಟಿಕೆಟ್ ತೆಗೆದುಕೊಂಡು ನೋಡುತ್ತಾರೆಯೇ?

ಗೊತ್ತಾದದ್ದು ನೆಂಟರ ಮದುವೆಯ ಊಟದಲ್ಲಿ. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸೊಬ್ಬಳು, ತಾನು ಊರು ಸುತ್ತಿ ಬಂದೆನೆಂದೂ, ಅಲ್ಲೊಬ್ಬ ಗೈಡ್ ಭಾರಿ ಕಥೆ ಹೇಳಿದನೆಂದೂ ಶುರು ಮಾಡಿದಳು. ಪಾತ್ರೆಗಳ ಮಾತು ಬಂದಾಗ ಹೆಂಡತಿ ನಕ್ಕಳು. ಮಲ್ಲಿಗೆ ಗಿಡ ಬಂದಾಗ ನಗು ನಿಂತಿತು. ಉಪ್ಪಿನ ಮಾತು ಬಂದಾಗ, ಇನ್ನೊಂದು ಪಕ್ಕದಲ್ಲಿ ಕೂತಿದ್ದ ಗಂಡನ ಅಕ್ಕ ಎತ್ತಿದ ತುತ್ತನ್ನು ಮೆಲ್ಲಗೆ ತಟ್ಟೆಗೆ ಇಳಿಸಿ, ತಮ್ಮನ ಹೆಂಡತಿಯ ಮುಖವನ್ನೇ ನೋಡಿದಳು.

ಆ ಸಂಜೆ ಮನೆಯಲ್ಲಿ ಪಾತ್ರೆಯ ಸದ್ದೂ ಆಗಲಿಲ್ಲ. ಹೆಂಡತಿ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತು ಕೇಳಿದ್ದು ಇಷ್ಟೇ: "ನಮ್ಮ ಅಡುಗೆಮನೆಗೆ ಟಿಕೆಟ್ ಇಟ್ಟಿದ್ದೀರಾ?"

ಹೀಗಿತ್ತು ವಿಷಯ.

ಬಸ್ಸು ಮೊದಲು ಬೆಟ್ಟದ ಬುಡದ ಕಲ್ಲಿನ ದೇವಸ್ಥಾನಕ್ಕೆ ಹೋಯಿತು. ಮೈಕಣ್ಣ ಕಂಬದ ಮೇಲಿನ ಆನೆಗಳನ್ನು ತೋರಿಸಿದ, ಸೊಂಡಿಲು ಮುರಿದ ಆನೆಯ ಮುಂದೆ ನಿಂತು ಯುದ್ಧದ ಮಾತಾಡಿದ. ಮಾತು ತೊಡರುತ್ತಿತ್ತು. ಬಸ್ಸಿನಲ್ಲಿ ಒಬ್ಬರು ನಿವೃತ್ತ ಹೆಡ್ ಮೇಷ್ಟ್ರು ಇದ್ದರು. ತಲೆಗೆ ಟೋಪಿ, ಕಂಕುಳಲ್ಲಿ ಕೊಡೆ, ಪ್ರತಿ ಮಾತಿಗೂ "ಆಧಾರ?" ಎಂದು ಒಂದೇ ಪ್ರಶ್ನೆ. ಮಾಮೂಲಿ ದಿನವಾಗಿದ್ದರೆ ಮೈಕಣ್ಣ ಅವರನ್ನು ಕಿರುಬೆರಳಲ್ಲಿ ಆಡಿಸುತ್ತಿದ್ದ. ಇವತ್ತು ಅವನ ಕಣ್ಣೆಲ್ಲ ಕಪ್ಪು ಕನ್ನಡಕದ ಮೇಲಿತ್ತು. ಅದರ ಒಡತಿ ದೇವಸ್ಥಾನದ ಮೂಲೆ ಮೂಲೆ ನೋಡಿದಳು, ಆನೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು, ಆಮೇಲೆ ಅವನ ಎದುರಿಗೇ ಬಂದು ನಿಂತು ಬಾಯಿ ತುಂಬ ಆಕಳಿಸಿದಳು. ಗೈಡಿಗೆ ಕಪಾಳಕ್ಕೆ ಹೊಡೆದರೂ ಅಷ್ಟು ನೋವಾಗುವುದಿಲ್ಲ.

ಕೆರೆಯ ದಂಡೆಗೆ ಬಂದರು. ಮರದ ನೆರಳಿನ ಮೆಟ್ಟಿಲುಗಳ ಮೇಲೆ ಎಲ್ಲರೂ ಕೂತರು. ದೂರದಲ್ಲಿ ಮಂಟಪ ತನ್ನ ಪಾಡಿಗೆ ತಾನು ನಿಂತಿತ್ತು.

"ಎದುರಿಗೆ ಕಾಣೋದು ಒಂದು ಮಂಟಪ" ಎಂದ ಮೈಕಣ್ಣ. "ಕಲ್ಲಿನದು. ಸುತ್ತ ನೀರಿದೆ. ಈಗ ಮುಂದೆ ಬಾವಿಗೆ ಹೋಗೋಣ."

"ಅಯ್ಯೋ, ರಾಣಿ ಕಥೆ?" ಎಂದಳು ಮೂರನೆಯ ಸಾಲಿನಲ್ಲಿ ಕೂತಿದ್ದ ಫ್ಲಾಸ್ಕಿನ ಹೆಂಗಸು. ಬೆಳಿಗ್ಗೆಯಿಂದ ಅವಳ ತೋಳಲ್ಲಿ ಒಂದು ದೊಡ್ಡ ಫ್ಲಾಸ್ಕು ನೇತಾಡುತ್ತಿತ್ತು, ಸಿಕ್ಕವರಿಗೆಲ್ಲ ಚಹಾ ಬಗ್ಗಿಸಿಕೊಡುತ್ತಿದ್ದಳು. "ನಮ್ಮ ಭಾವ ಹೇಳಿದ್ದೇ ಅದು. ಬೇರೆ ಬಸ್ಸು ಹತ್ತಬೇಡ, ಮೈಕಣ್ಣನ ಬಸ್ಸೇ ಹತ್ತು, ರಾಣಿ ಕಥೆ ಕೇಳು ಅಂತ."

"ಹೌದು, ಹೇಳಿ" ಎಂದಳು ಕಪ್ಪು ಕನ್ನಡಕದವಳು. "ನಾವೂ ಅದಕ್ಕೇ ಬಂದಿರೋದು."

ಡ್ರೈವರ್ ಯಾವತ್ತೂ ಬಸ್ಸು ಬಿಟ್ಟು ಇಳಿಯುವವನಲ್ಲ. ಇವತ್ತು ಇಳಿದು ಬಂದು ಮೇಲಿನ ಮೆಟ್ಟಿಲಲ್ಲಿ ಕಾಲು ಚಾಚಿ ಕೂತ.

ಮೈಕಣ್ಣ ಮೈಕು ಬಾಯಿಗೆ ಹಿಡಿದ. "ಒಬ್ಬಳು ರಾಣಿ ಇದ್ದಳು. ಬಹಳ ಸಾಧು. ಸಿಟ್ಟು ಅನ್ನೋದೇ ಗೊತ್ತಿರಲಿಲ್ಲ. ಬೆಣ್ಣೆಯಂಥ ಮನಸ್ಸು."

ಡ್ರೈವರಿಗೆ ಕೆಮ್ಮು ಬಂತು.

"ಸಿಟ್ಟೇ ಬರಲ್ಲ ಅಂದ್ರೆ ಮುನಿಸಿನ ಮಂಟಪ ಯಾಕೆ?" ಎಂದು ಫ್ಲಾಸ್ಕಿನವಳು ಕೇಳಿದಳು. ನ್ಯಾಯವಾದ ಪ್ರಶ್ನೆ.

"ಅದು... ಮುನಿಸ್ಕೊಂಡಿದ್ದು ರಾಜ."

"ನಮ್ಮ ಭಾವ ಹಾಗೆ ಹೇಳ್ಲಿಲ್ಲ. ರಾಣಿ ಪಾತ್ರೆ ಕುಕ್ತಾಳೆ ಅಂದ್ರು."

"ಕುಕ್ಕೋದಲ್ಲ, ಶುಚಿ. ರಾಣಿಗೆ ಶುಚಿ ಅಂದ್ರೆ ಪ್ರಾಣ."

"ಆಧಾರ?" ಎಂದರು ಹೆಡ್ ಮೇಷ್ಟ್ರು.

"ಕಣ್ಣಾರೆ ನೋಡಿದೀನಿ ಸಾರ್" ಎಂದುಬಿಟ್ಟ ಮೈಕಣ್ಣ. ಆಮೇಲೆ ನಾಲಗೆ ಕಚ್ಚಿಕೊಂಡು, "ನೋಡಿದವರು ಹೇಳಿದ್ದನ್ನ ಕೇಳಿದೀನಿ" ಎಂದು ತಿದ್ದಿದ. ಕಪ್ಪು ಕನ್ನಡಕದ ಕೆಳಗೆ ತುಟಿಯ ಒಂದು ಕೊನೆ ಚೂರು ಅಲುಗಿತೆಂದು ಅವನಿಗೆ ಅನಿಸಿತು. ಅದು ನಗುವೋ ನೊಣವೋ ಹೇಳುವುದು ಕಷ್ಟವಾಗಿತ್ತು.

"ರೀ, ನನ್ನದೊಂದು ಪ್ರಶ್ನೆ" ಎಂದಳು ಅವಳು, ಶಾಲೆಯ ಮಕ್ಕಳ ಹಾಗೆ ಕೈಯೆತ್ತಿ. "ಅಂತಃಪುರದಲ್ಲಿ ನಡೆದದ್ದನ್ನೆಲ್ಲ ರಾಜ ದರ್ಬಾರಿನಲ್ಲಿ ಹೇಳಿ ನಗಿಸ್ತಿದ್ದನಂತೆ. ನಿಜವಾ?"

ದಂಡೆಯ ಮೇಲೆ ಎಲ್ಲರ ಕಿವಿ ನೆಟ್ಟಗಾಯಿತು. ಇದು ಭಾವ ಹೇಳದ ಸಂಗತಿ.

"ನಿಜ" ಎಂದ ಮೈಕಣ್ಣ.

"ಯಾಕಂತೆ?"

"ದರ್ಬಾರಿನವರು ಆಕಳಿಸ್ತಿದ್ರು."

"ಛೀ, ಎಂಥ ರಾಜ" ಎಂದಳು ಫ್ಲಾಸ್ಕಿನ ಹೆಂಗಸು. ಸುತ್ತಲಿನ ಹೆಂಗಸರು ತಲೆದೂಗಿದರು. ಗಂಡಸರಲ್ಲಿ ಒಂದಿಬ್ಬರು ಕೆರೆಯ ನೀರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

"ಇನ್ನೊಂದು" ಎಂದಳು ಹೆಂಡತಿ. "ರಾಜನ ಅಕ್ಕ ಬಂದು ಕೂತಾಗ ಊಟಕ್ಕೆ ಉಪ್ಪು ಜಾಸ್ತಿ ಆಯ್ತಲ್ಲ, ಅದನ್ನ ಹಾಕಿದ್ದು ಯಾರು?"

ಮೈಕಣ್ಣನ ಬುದ್ಧಿ ಚುರುಕಾಯಿತು. ರಾಣಿಯ ಮಾನ ಉಳಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ? "ಅಡುಗೆಭಟ್ಟ" ಎಂದ. "ಅವನಿಗೆ ಕಣ್ಣು ಮಂಜಾಗಿತ್ತು. ಪಾಪ, ರಾಣಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ."

ಹೆಂಡತಿಯ ಅಕ್ಕ ಕರ್ಚೀಫು ಬಾಯಿಗೊತ್ತಿಕೊಂಡು ಭುಜ ಕುಲುಕಿಸಿ ನಕ್ಕಳು. ಹೆಂಡತಿ ಎದ್ದು ನಿಂತಳು. ಎರಡು ಮೆಟ್ಟಿಲು ಇಳಿದು ಬಂದು ಮೈಕಣ್ಣನ ಕೈಯಿಂದ ಮೈಕನ್ನು ಹೂವು ಕೀಳುವ ಹಾಗೆ ತೆಗೆದುಕೊಂಡಳು.

"ಭಟ್ಟನೂ ಇಲ್ಲ, ಗಿಟ್ಟನೂ ಇಲ್ಲ" ಎಂದಳು ಮೈಕಿನಲ್ಲಿ. ಎಷ್ಟೋ ವರ್ಷದಿಂದ ಮೈಕು ಹಿಡಿದವಳಂತೆ ಮಾತು ಸಲೀಸಾಗಿ ಹರಿಯಿತು. "ಉಪ್ಪು ಹಾಕಿದ್ದು ರಾಣಿಯೇ. ಇದೇ ಕೈಯಿಂದ... ಅಂದ್ರೆ ಅವಳ ಕೈಯಿಂದ. ಯಾಕೆ ಹಾಕಿದ್ಳು ಅಂತ ಇಲ್ಲೀವರೆಗೆ ಯಾರಾದ್ರೂ ಕೇಳಿದೀರಾ? ರಾಜನಿಗೆ ಅವನ ಅಕ್ಕ ಅಂದ್ರೆ ನಡುಕ. ಅವರು ಬಂದ ದಿನದಿಂದ ಅವನ ಕುರ್ಚಿ ಅವರದು, ಅವನ ದಿಂಬು ಅವರದು. ಯಾವಾಗ ಹೊರಡ್ತೀಯ ಅಂತ ಕೇಳೋ ಧೈರ್ಯ ಇಲ್ಲ. ಒಂದಿನ ಅಡುಗೆಮನೆಗೆ ಕಳ್ಳಹೆಜ್ಜೆ ಇಟ್ಕೊಂಡು ಬಂದ. ರಾಣಿ ಕಿವಿ ಹತ್ರ ಬಗ್ಗಿ ಏನಂದ ಗೊತ್ತಾ? 'ಇವತ್ತು ಉಪ್ಪು ಸ್ವಲ್ಪ ಮುಂದೆ ಹೋದ್ರೂ ಪರವಾಗಿಲ್ಲ' ಅಂದ. ಮಾರನೇ ದಿನವೂ ಬಂದು ಅದೇ ಅಂದ. ಆಮೇಲೆ ದರ್ಬಾರಿನಲ್ಲಿ ನಿಂತು, ನನ್ನ ಹೆಂಡತಿ ನೋಡಿ ಎಂಥ ಕಿಲಾಡಿ ಅಂತ ನಗಿಸಿದ."

ಮೈಕಣ್ಣನ ಮುಖ ಹರಳೆಣ್ಣೆ ಕುಡಿದವನಂತಾಯಿತು. ಇಷ್ಟು ವರ್ಷ ಈ ಕಥೆಗೆ ಎಷ್ಟೆಷ್ಟೋ ಒಗ್ಗರಣೆ ಹಾಕಿದ್ದ. ಈ ಒಂದು ಸಾಲನ್ನು ಮಾತ್ರ ಯಾಕೆ ಬಿಟ್ಟೆ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಎಲ್ಲರಿಗೂ ಕಾಣುವಂತೆ ಮುಂದೆಯೇ ನಿಂತಿತ್ತು. ನಗುವ ಪಾಲೆಲ್ಲ ರಾಜನಿಗೆ, ನಗೆಗೀಡಾಗುವ ಪಾಲೆಲ್ಲ ರಾಣಿಗೆ ಇರಲಿ ಎಂದಷ್ಟೆ.

"ಆಧಾರ?" ಎಂದರು ಹೆಡ್ ಮೇಷ್ಟ್ರು, ಈ ಸಲ ಸಣ್ಣ ದನಿಯಲ್ಲಿ.

"ಇಲ್ಲೇ ಇದಾರೆ, ಕೇಳಿ" ಎಂದು ಹೆಂಡತಿ ಮೈಕನ್ನು ಮೈಕಣ್ಣನ ಬಾಯಿಗೆ ಹಿಡಿದಳು.

"ಹೌದು ಸಾರ್" ಎಂದ ಮೈಕಣ್ಣ. "ಉಪ್ಪು ರಾಜನ ಅಪ್ಪಣೆ."

ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಇಂಥ ರಾಜನನ್ನು ಏನು ಮಾಡಬೇಕು ಎಂಬ ವಿಚಾರದಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಮಂಟಪದಲ್ಲಿ ಅವನನ್ನೇ ಕೂರಿಸಿ ದೋಣಿ ಎಳೆದುಕೊಂಡು ಬರಬೇಕು ಎಂಬುದಕ್ಕೆ ಹೆಚ್ಚಿನ ಬೆಂಬಲ ಸಿಕ್ಕಿತು. ಹೆಂಡತಿ ಮೈಕನ್ನು ಹಿಂದಿರುಗಿಸಿ, ಏನೂ ಆಗಿಲ್ಲವೆಂಬಂತೆ ಅಕ್ಕನ ಪಕ್ಕ ಹೋಗಿ ಕೂತಳು. ಫ್ಲಾಸ್ಕಿನವಳು ಅವಳಿಗೊಂದು ಲೋಟ ಚಹಾ ಬಗ್ಗಿಸಿಕೊಟ್ಟು, ಆಮೇಲೆ ಮೈಕಣ್ಣನತ್ತ ತಿರುಗಿದಳು.

"ಅದಿರಲಿ, ಕೊನೆಗೆ ರಾಣಿ ವಾಪಸ್ ಬಂದ್ಲಾ?"

ಮಾಮೂಲಿ ದಿನಗಳಲ್ಲಿ ಇದಕ್ಕೆ ಮೈಕಣ್ಣನ ಬಳಿ ಸಿದ್ಧ ಉತ್ತರವಿತ್ತು. ಹುಣ್ಣಿಮೆ, ದೋಣಿ, ಕೊಳಲು ಎಲ್ಲ ಬರುತ್ತಿದ್ದವು. ಇವತ್ತು ಬಾಯಿ ತೆರೆದ. ಕಪ್ಪು ಕನ್ನಡಕ ಅವನ ಕಡೆಗೇ ತಿರುಗಿತ್ತು. ಅದರೊಳಗೆ ಏನಿದೆಯೆಂದು ಕಾಣಿಸಲಿಲ್ಲ.

"ಗೊತ್ತಿಲ್ಲ" ಎಂದ.

ಡ್ರೈವರ್ ಚಾಚಿದ್ದ ಕಾಲನ್ನು ಎಳೆದುಕೊಂಡು ನೆಟ್ಟಗೆ ಕೂತ. ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ದುಡಿದರೂ ಮೈಕಣ್ಣನ ಬಾಯಿಂದ ಆ ಮಾತನ್ನು ಅವನು ಕೇಳಿರಲಿಲ್ಲ. ವಿಚಿತ್ರವೆಂದರೆ ಯಾರೂ ಕೈಗಡಿಯಾರ ನೋಡಿಕೊಳ್ಳಲಿಲ್ಲ.

ಮೆಟ್ಟಿಲು ಬಾವಿಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಈ ಬಾವಿಯದೊಂದು ಗುಣವಿದೆ. ಕೆಳಗೆ, ನೀರಿನ ಅಂಚಿನ ಕಟ್ಟೆಯ ಮೇಲೆ ನಿಂತು ಪಿಸುಗುಟ್ಟಿದರೂ ಮಾತು ಗೋಡೆಯಿಂದ ಗೋಡೆಗೆ ಹತ್ತಿಕೊಂಡು ಮೇಲಿನ ಹಂತದಲ್ಲಿ ನಿಂತವರ ಕಿವಿಗೆ ಅಚ್ಚುಕಟ್ಟಾಗಿ ಬೀಳುತ್ತದೆ. ಅದನ್ನು ತೋರಿಸುವುದು ಮೈಕಣ್ಣನ ದಿನದ ಕೊನೆಯ ಆಟ. ಎಲ್ಲರನ್ನೂ ಮೇಲೆ ನಿಲ್ಲಿಸಿ, ತಾನೊಬ್ಬನೇ ಇಳಿದು, "ನಮಸ್ಕಾರ" ಎಂದು ಪಿಸುಗುಟ್ಟುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಇವತ್ತೂ ಇಳಿದ. ಇಳಿದವನು ಕಟ್ಟೆಯ ಮೇಲೆ ನಿಂತ. ಮೇಲೆ ನಿಂತವರಿಗೆ ಅವನ ನೆತ್ತಿಯ ಬೋಳು ಮಾತ್ರ ಕಾಣುತ್ತಿತ್ತು. ಮೈಕು ಇಲ್ಲದೆ, ತಲೆ ಎತ್ತದೆ ಅವನು ಮಾತಾಡಿದ.

"ಮಲ್ಲಿಗೆ ಗಿಡ ಬಾಡಿಲ್ಲ. ದಿನಾ ನೀರು ಹಾಕ್ತಿದೀನಿ. ನನ್ನ ತಪ್ಪುಗಳನ್ನ ಅದಕ್ಕೆ ನಾನೇ ಹೇಳ್ತಿದೀನಿ. ನಿನ್ನಷ್ಟು ಚೆನ್ನಾಗಿ ಬರ್ತಿಲ್ಲ. ಅರ್ಧದಲ್ಲೇ ಮರೆತುಹೋಗತ್ತೆ. ಮೊಗ್ಗು ಬಿಟ್ಟಿದೆ, ಬಂದು ನೋಡು. ಇನ್ಮೇಲೆ ನಮ್ಮನೆ ಮಾತು ಕೆರೆ ಹತ್ರ ತಗೊಂಡು ಹೋಗಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಫ್ಲಾಸ್ಕಿನವಳ ಬಾಯಿ ತೆರೆದುಕೊಂಡಿತು. ಅವಳು ಕೆಳಗೆ ನೋಡಿದಳು, ಕಪ್ಪು ಕನ್ನಡಕದವಳ ಕಡೆ ನೋಡಿದಳು, ಮತ್ತೆ ಕೆಳಗೆ ನೋಡಿದಳು. "ಅಯ್ಯೋ, ರಾಣಿ ನೀವಾ?" ಎಂದಳು. ಹೆಡ್ ಮೇಷ್ಟ್ರು ಟೋಪಿ ತೆಗೆದರು. ಅಪರೂಪಕ್ಕೆ ಅವರು ಆಧಾರ ಕೇಳಲಿಲ್ಲ.

ಮೈಕಣ್ಣ ಏದುಸಿರು ಬಿಡುತ್ತ ಮೇಲೆ ಬಂದ. ಮೇಲಿನಿಂದ ಇಳಿಯುತ್ತಿದ್ದ ಹೆಂಡತಿ ಅರ್ಧದಾರಿಯಲ್ಲಿ ಎದುರಾದಳು. ಮೆಟ್ಟಿಲು ಕಿರಿದಾಗಿದ್ದರಿಂದ ಅವನು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಅವಳು ಹೋಗಿ ಅದೇ ಕಟ್ಟೆಯ ಮೇಲೆ ನಿಂತಳು.

"ಕೆರೆಗೆ ಹೋಗಬೇಡಿ ಅಂತ ನಾನೆಲ್ಲಿ ಹೇಳಿದೆ?" ಎಂದು ಬಾವಿಯ ತಳದಿಂದ ಪಿಸುಮಾತು ಹತ್ತಿ ಬಂತು. "ಕಥೆ ಹೇಳಿ. ಪೂರ್ತಿ ಹೇಳಿ. ಉಪ್ಪು ಯಾರ ಅಪ್ಪಣೆ ಅನ್ನೋದೂ ಸೇರಿಸಿ ಹೇಳಿ. ಬರೋ ವಾರ ನಿಮ್ಮಕ್ಕನ್ನ ಕರೆಸಿ, ಮುಂದಿನ ಸೀಟಲ್ಲಿ ಕೂರಿಸಿ, ಅವರ ಮುಂದೆ ಹೇಳಿ. ನಾನೂ ಅವರ ಪಕ್ಕ ಕೂತಿರ್ತೀನಿ."

ತನ್ನ ಅಕ್ಕ ಮುಂದಿನ ಸೀಟಿನಲ್ಲಿ ಕೂತ ಚಿತ್ರ ಮೈಕಣ್ಣನ ಕಣ್ಣ ಮುಂದೆ ಬಂತು. ಆದರೂ ಕಟಕಟೆ ಹಿಡಿದುಕೊಂಡು, "ಹೇಳ್ತೀನಿ" ಎಂದ.

"ಅಡುಗೆಮನೆ ಹೇಗಿದೆ?"

"ಫಳಫಳ ಅಂತಿದೆ" ಎಂದು ಕೂಗಿದ. ಬಾವಿ ಆ ಸುಳ್ಳನ್ನು ನಾಲ್ಕು ಗೋಡೆಗೂ ಹೊಡೆದು ವಾಪಸ್ ಅವನ ಕಿವಿಗೇ ಹಾಕಿತು.

ವಾಪಸ್ ಬರುವಾಗ ಬಸ್ಸಿನ ತುಂಬ ಗುಸುಗುಸು. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ಹೊಲಿಗೆ ಕೆಲಸದ ಮಾತು ಹಾಗೇ ಉಳಿದಿತ್ತು, ಮೈಕಣ್ಣನಿಗೆ ಕೇಳುವ ಧೈರ್ಯ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅಕ್ಕನ ಊರಿನ ಬಸ್ಸು ಹತ್ತಿದರೆ ಮುಗಿಯಿತು. ಬಾವಿಯಲ್ಲಿ ಆಡಿದ ಮಾತು ಬಾವಿಯಲ್ಲೇ ಉಳಿಯುತ್ತದೆ. ಔಷಧಿ ಅಂಗಡಿಯ ತಿರುವು ಬಂದಾಗ ಅವಳು ಡ್ರೈವರನ ಭುಜ ತಟ್ಟಿದಳು.

"ಇಲ್ಲಿ ನಿಲ್ಲಿಸಪ್ಪ."

ಡ್ರೈವರ್ ಕಾಯುತ್ತಿದ್ದವನ ಹಾಗೆ ಬ್ರೇಕು ತುಳಿದ.

"ಇಲ್ಲೇನಿದೆ ನೋಡೋಕೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ರಾಣಿ ಮನೆ" ಎಂದ ಡ್ರೈವರ್. ಅಷ್ಟು ಹೇಳಿದ್ದೇ ತಡ, ಫ್ಲಾಸ್ಕಿನವಳು ಮೊದಲು, ಹೆಡ್ ಮೇಷ್ಟ್ರು ಆಮೇಲೆ, ಉಳಿದವರೆಲ್ಲ ಅವರ ಹಿಂದೆ, ಬಸ್ಸು ಖಾಲಿಯಾಯಿತು. ಅವರು ಕಂಡದ್ದು ಇಷ್ಟು: ತಗಡಿನ ಗೇಟು, ಹಗ್ಗದ ಮೇಲೆ ಒಣಗುತ್ತಿರುವ ಎರಡು ಬನಿಯನ್ನು, ಜಗಲಿಯ ಮೇಲೆ ಒಂದು ಮಲ್ಲಿಗೆ ಕುಂಡ. ಗಿಡದಲ್ಲಿ ನಿಜವಾಗಿಯೂ ಮೊಗ್ಗಿತ್ತು. ಜನ ಎಲ್ಲದರ ಫೋಟೋ ತೆಗೆದುಕೊಂಡರು, ಬನಿಯನ್ನಿನದೂ ಸೇರಿ.

ಮೈಕಣ್ಣ ಬಸ್ಸಿನಿಂದ ಧುಮುಕಿ ಎಲ್ಲರಿಗಿಂತ ಮುಂದೆ ಓಡಿದ. ಹೆಂಡತಿಗಿಂತ ಮೊದಲು ಅಡುಗೆಮನೆಗೆ ಮುಟ್ಟಿ, ಕನಿಷ್ಠ ಬಾಗಿಲಾದರೂ ಮುಚ್ಚಬೇಕಾಗಿತ್ತು. ಆದರೆ ಬೀಗದ ಕೈ ಹುಡುಕಿ ಜೇಬು ತಡಕುವಷ್ಟರಲ್ಲಿ ಅವಳು ತನ್ನ ಕೈಚೀಲದಿಂದ ತನ್ನ ಕೀ ತೆಗೆದು ಬಾಗಿಲು ತೆರೆದಿದ್ದಳು. ಮೂರು ವಾರವೂ ಅದು ಅವಳ ಕೈಚೀಲದಲ್ಲೇ ಇತ್ತು. ಇವನು ಆ ಕೀಯನ್ನು ನೋಡುತ್ತ ನಿಂತೇಬಿಟ್ಟ.

ಮನೆಯಲ್ಲಿ ಇದ್ದಬದ್ದ ಪಾತ್ರೆಯೆಲ್ಲ ಅಡುಗೆಮನೆಯ ತೊಟ್ಟಿಯಲ್ಲಿ ಗೋಪುರವಾಗಿ ನಿಂತಿತ್ತು. ತೊಟ್ಟಿ ತುಂಬಿ ಕಟ್ಟೆಗೆ, ಕಟ್ಟೆ ತುಂಬಿ ನೆಲಕ್ಕೆ ಇಳಿದಿತ್ತು. ಹೆಂಡತಿ ಕಪ್ಪು ಕನ್ನಡಕ ತೆಗೆದು ಒಂದು ಸಲ ಕಣ್ತುಂಬ ನೋಡಿದಳು. ಕಿಟಕಿಯ ಸರಳಿನಾಚೆ ಹತ್ತಾರು ಮುಖಗಳು ಒತ್ತಿಕೊಂಡಿದ್ದವು.

"ಇದು ಯಾವ ಕಾಲದ್ದಮ್ಮ?" ಎಂದರು ಹೆಡ್ ಮೇಷ್ಟ್ರು, ಗೋಪುರದತ್ತ ಕೊಡೆ ತೋರಿಸಿ.

"ಕೆಳಗಿನ ಪದರ ನಾನು ಹೋದ ದಿನದ್ದು ಸಾರ್. ಮೇಲಿನದು ಇವತ್ತು ಬೆಳಿಗ್ಗೆಯದು."

ಅವಳು ತೋಳು ಮಡಚಿ ನಲ್ಲಿ ತಿರುಗಿಸಿದಳು. ಪಾತ್ರೆಗಳು ಸದ್ದು ಮಾಡತೊಡಗಿದವು. ಸಣ್ಣ ಸದ್ದಲ್ಲ. ಬೀದಿಯ ನಾಯಿ ಎದ್ದು ಕೂತಿತು.

"ಕೇಳಿದ್ರಾ, ಅದೇ ಸದ್ದು" ಎಂದು ಫ್ಲಾಸ್ಕಿನವಳು ಪಕ್ಕದವಳ ತೋಳು ಹಿಡಿದುಕೊಂಡಳು. "ಪಾಪ, ಇನ್ನೂ ಸಿಟ್ಟು ಇಳಿದಿಲ್ಲ."

ಮೈಕಣ್ಣ ಬಾಗಿಲಲ್ಲೇ ನಿಂತು ಕಿವಿಗೊಟ್ಟು ಕೇಳಿದ. ಈ ವಿಷಯದಲ್ಲಿ ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಸಿಟ್ಟು ಬಂದರೆ ಅವಳು ತೊಳೆಯುವುದು ತೊಳೆದಿಟ್ಟ ಪಾತ್ರೆಗಳನ್ನು. ಇವೆಲ್ಲ ನಿಜವಾಗಿಯೂ ಕೊಳೆಯಾಗಿದ್ದವು. ಹುಡುಕಿದರೂ ಮನೆಯಲ್ಲಿ ತೊಳೆದ ಲೋಟ ಒಂದು ಸಿಗುತ್ತಿರಲಿಲ್ಲ.

"ಇದು ಮುನಿಸಿನ ಸದ್ದಲ್ಲಮ್ಮ" ಎಂದ ಅವನು ಕಿಟಕಿಯ ಕಡೆ ತಿರುಗಿ.

"ಆಧಾರ?" ಎಂದರು ಹೆಡ್ ಮೇಷ್ಟ್ರು.

ಅಷ್ಟರಲ್ಲಿ ನಲ್ಲಿಯ ಸದ್ದನ್ನು ಮೀರಿಸಿ ಒಳಗಿನಿಂದ ಕೂಗು ಬಂತು.

"ರೀ, ಅಲ್ಲೇ ನಿಂತು ಏನ್ ತೋರಿಸ್ತಿದೀರ? ಬಂದು ಒರೆಸಿ."

ಅಂಗಡಿಯವನನ್ನು, ಕಂಡಕ್ಟರನ್ನು ಯಾರೂ ಹಾಗೆ ಕರೆಯುವುದಿಲ್ಲ. ಮೈಕಣ್ಣ ಕುತ್ತಿಗೆಯಿಂದ ಮೈಕು ತೆಗೆದು ಡ್ರೈವರನ ಕೈಗೆ ಕೊಟ್ಟು, ಹಗ್ಗದ ಮೇಲಿನ ಒಂದು ಬನಿಯನ್ನು ಎಳೆದುಕೊಂಡು ಒಳಗೆ ಹೋದ.